ಮೈಸೂರಿನ ವಾಚಿಗೆ ಆಕ್ಸಿಜನ್ ಗೊತ್ತು, ಡಲ್ಲಾಸ್ ವಾಚಿಗೆ ಯಾಕೆ ಗೊತ್ತಿರಲಿಲ್ಲ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತಳಾಗಿ ಮೈಸೂರಿನಲ್ಲಿದ್ದೇನೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಂಗಡಿಯಲ್ಲಿ ಆಪಲ್ ವಾಚ್ ಸೀರೀಸ್ 9 ಕೊಂಡೆ. ಅದೇ ತಿಂಗಳು ಡಲ್ಲಾಸ್‌ನಲ್ಲಿರುವ ಮಗನೂ ಅದೇ ಮಾಡೆಲ್ ಕೊಂಡ. ಆ ವರ್ಷ ದೀಪಾವಳಿಗೆ ಅವನು ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ನನ್ನದು ರಕ್ತದ ಆಕ್ಸಿಜನ್ ಎಷ್ಟು ಅಂತ ತೋರಿಸುತ್ತದೆ. ಅವನದು ಆ ಆಪ್ ಲಭ್ಯವಿಲ್ಲ ಎನ್ನುತ್ತದೆ. ‘ಏನೋ ಪೇಟೆಂಟ್ ಜಗಳ ಅಮ್ಮಾ’ ಅಂದು ಸುಮ್ಮನಾದ. ನನ್ನ ತಲೆಯಲ್ಲಿ ಮಾತ್ರ ಕೊರೆಯುತ್ತಲೇ ಇದೆ. ಆಪಲ್ ಬೇರೆಯವರದ್ದನ್ನು ಕದ್ದಿದೆಯಾ? ಕದ್ದಿದ್ದರೆ ನಮ್ಮಲ್ಲಿ ಹೇಗೆ ರಾಜಾರೋಷವಾಗಿ ಮಾರುತ್ತಾರೆ? ನಾನು ಡಲ್ಲಾಸ್‌ಗೆ ಹೋದರೆ ಕಸ್ಟಮ್ಸ್‌ನವರು ವಾಚ್ ಹಿಡಿದುಕೊಳ್ಳುತ್ತಾರಾ? ನಮ್ಮ ಯಜಮಾನರಿಗೂ ಒಂದು ಬೇಕು, ಅವರಿಗೆ ಉಬ್ಬಸ ಇದೆ. ಅಲ್ಲಿಂದ ತರಿಸಲಾ, ಇಲ್ಲೇ ಕೊಳ್ಳಲಾ?

ಉತ್ತರ: ಮೇಡಂ, ಮೊದಲು ಕಸ್ಟಮ್ಸ್ ಚಿಂತೆ ಬಿಡಿ. ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಯಾರೂ ನಿಮ್ಮ ವಾಚ್ ಬಿಚ್ಚಿಸುವುದಿಲ್ಲ. ಅಮೆರಿಕದಲ್ಲಿರುವ ತಡೆ ಆಪಲ್ ಕಂಪನಿ ತಾನು ತರಿಸಿಕೊಳ್ಳುವ, ಅಥವಾ ಅದರ ಪರವಾಗಿ ಬೇರೆಯವರು ತರಿಸುವ ವಾಚುಗಳ ಮೇಲೆ. ಮಗನ ಮನೆಗೆ ಹೋಗುವ ತಾಯಿ ಕೈಗೆ ಕಟ್ಟಿಕೊಂಡ ವಾಚಿನ ಮೇಲಲ್ಲ. ಅಲ್ಲಿ ಇಳಿದ ಕೂಡಲೇ ನಿಮ್ಮ ಆಪ್ ಮಾಯವಾಗುವುದೂ ಇಲ್ಲ. ಯಾಕೆಂದರೆ ಆಪಲ್ ಆ ಸೌಲಭ್ಯವನ್ನು ಊರು ನೋಡಿ ಮುಚ್ಚಲಿಲ್ಲ, ವಾಚ್ ನೋಡಿ ಮುಚ್ಚಿತು. 2024ರ ಜನವರಿ 18ರಿಂದ ಅಮೆರಿಕದಲ್ಲಿ ಮಾರಿದ ಸೀರೀಸ್ 9 ಮತ್ತು ಅಲ್ಟ್ರಾ 2 ವಾಚುಗಳ ಪಾರ್ಟ್ ನಂಬರಿನ ಕೊನೆಯಲ್ಲಿ ‘ಎಲ್‌ಡಬ್ಲ್ಯೂ/ಎ’ ಎಂದಿರುತ್ತದೆ. ಆ ಗುರುತು ಇರುವ ವಾಚಿನಲ್ಲಿ ಆಗ ಆಕ್ಸಿಜನ್ ಆಪ್‌ಗೆ ಬೀಗ ಬಿದ್ದಿತ್ತು. ಮಗನ ವಾಚ್ ಮೈಸೂರಿಗೆ ಬಂದರೂ ಬಾಯಿ ಬಿಡದಿದ್ದದ್ದು ಅದಕ್ಕೇ. ಒಳಗಿನ ಸಾಮಾನೆಲ್ಲ ಇತ್ತು, ಸಾಫ್ಟ್‌ವೇರ್ ಅದನ್ನು ಎಬ್ಬಿಸುತ್ತಿರಲಿಲ್ಲ ಅಷ್ಟೆ.

ಇನ್ನು ‘ಕದ್ದಿದೆಯಾ’ ಅಂತ ಕೇಳಿದ್ದೀರಿ. ಒಂದೇ ಪದದಲ್ಲಿ ಹೌದು, ಇಲ್ಲ ಎನ್ನಲು ಬರುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ನೀವು ವಾಚನ್ನು ಒಮ್ಮೆ ತಿರುಗಿಸಬೇಕು.

ಬೆನ್ನಿನ ಕಡೆ ನೋಡಿ. ಗಾಜು ಸ್ವಲ್ಪ ಉಬ್ಬಿಕೊಂಡಿದೆ, ಬಾಣಲೆಯಲ್ಲಿ ಪುಟ್ಟ ಪೂರಿ ಉಬ್ಬಿದ ಹಾಗೆ. ಅದರೊಳಗೆ ಕಪ್ಪು ಚೌಕಗಳು ಕಾಣುತ್ತವೆ. ಹೃದಯದ ಬಡಿತ ನೋಡುವಾಗ ಅಲ್ಲಿ ಹಸಿರು ಬೆಳಕು ಮಿನುಗುತ್ತದೆ. ಆಕ್ಸಿಜನ್ ನೋಡುವಾಗ ಕೆಂಪು. ರಾತ್ರಿ ದೀಪ ಆರಿಸಿ ಒಂದು ಸಲ ರೀಡಿಂಗ್ ತೆಗೆದುಕೊಳ್ಳಿ, ಮಣಿಕಟ್ಟಿನ ಅಂಚಿನಲ್ಲಿ ಕೆಂಪು ಬೆಳಕು ಕಾಣಬಹುದು. ಕೋವಿಡ್ ಕಾಲದಲ್ಲಿ ಎಲ್ಲರೂ ಮೆಡಿಕಲ್ ಶಾಪಿನಿಂದ ತಂದಿಟ್ಟುಕೊಂಡ ಆಕ್ಸಿಮೀಟರ್ ನೆನಪಿದೆಯಲ್ವಾ, ಬಟ್ಟೆ ಕ್ಲಿಪ್ಪಿನ ಹಾಗೆ ಬೆರಳಿಗೆ ಸಿಕ್ಕಿಸುವುದು? ಅದರ ಬಾಯಿ ತೆರೆದರೂ ಅದೇ ಕೆಂಪು. ಕೆಂಪಿನ ಪಕ್ಕದಲ್ಲೇ ಕಣ್ಣಿಗೆ ಕಾಣದ ಇನ್ನೊಂದು ಬೆಳಕು, ಇನ್‌ಫ್ರಾರೆಡ್, ಇರುತ್ತದೆ. ಆಕ್ಸಿಜನ್ ತುಂಬಿದ ರಕ್ತ ಕೆಂಪು ಬೆಳಕನ್ನು ಜಾಸ್ತಿ ಬಿಟ್ಟುಕೊಡುತ್ತದೆ, ಇನ್‌ಫ್ರಾರೆಡ್ಡನ್ನು ಜಾಸ್ತಿ ನುಂಗುತ್ತದೆ. ಆಕ್ಸಿಜನ್ ಖಾಲಿಯಾದ ರಕ್ತ ಇದಕ್ಕೆ ಉಲ್ಟಾ. ಎರಡನ್ನೂ ಅಳೆದು ಹೋಲಿಸಿದರೆ 97, 98 ಎಂಬ ಲೆಕ್ಕ ಸಿಗುತ್ತದೆ.

ಆದರೆ ಬೆರಳಿನಲ್ಲಿ ಚರ್ಮ ಇದೆ, ಮೂಳೆ ಇದೆ, ಅವೂ ಬೆಳಕು ನುಂಗುತ್ತವಲ್ಲ? ಈ ಗಂಟನ್ನು ಬಿಡಿಸಿದವರು ಜಪಾನಿನ ಎಂಜಿನಿಯರ್ ಟಕುವೊ ಅಓಯಾಗಿ. ನಿಹಾನ್ ಕೋಡನ್ ಎಂಬ ಕಂಪನಿಯಲ್ಲಿದ್ದರು, 1970ರ ದಶಕದ ಶುರುವಿನಲ್ಲಿ. ಹೃದಯ ಒಮ್ಮೆ ಬಡಿದಾಗ ಬೆರಳಿಗೆ ಹೊಸ ರಕ್ತ ನುಗ್ಗುತ್ತದೆ, ಆಗ ಬೆಳಕಿನಲ್ಲಿ ಚೂರು ಏರಿಳಿತ ಆಗುತ್ತದೆ. ಆ ಏರಿಳಿತವನ್ನಷ್ಟೇ ಹಿಡಿದರೆ ಸಾಕು, ಅಲುಗಾಡದ ಮೂಳೆ, ಚರ್ಮದ ಲೆಕ್ಕ ತಾನೇ ಬಿಟ್ಟುಹೋಗುತ್ತದೆ. ಎಷ್ಟು ಸರಳ ನೋಡಿ. 2020ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು, ಜಗತ್ತೆಲ್ಲ ಅವರ ಯಂತ್ರಕ್ಕೆ ಬೆರಳು ಕೊಟ್ಟು ಕೂತಿದ್ದ ಹೊತ್ತಿನಲ್ಲಿ. ಅವರ ಹೆಸರು ಯಾವ ಆಕ್ಸಿಮೀಟರ್ ಡಬ್ಬಿಯ ಮೇಲೂ ನಾನು ನೋಡಿಲ್ಲ.

ಇದನ್ನು ಯಾಕೆ ಹೇಳಿದೆನೆಂದರೆ, ಬೆಳಕಿನಿಂದ ಆಕ್ಸಿಜನ್ ಅಳೆಯುವ ಯೋಚನೆ ಆಪಲ್‌ನದೂ ಅಲ್ಲ, ಅದರ ಮೇಲೆ ಕೇಸು ಹಾಕಿದವರದೂ ಅಲ್ಲ. ಆ ಮೂಲ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಈಗ ಅದು ಊರ ಕೆರೆ ಇದ್ದ ಹಾಗೆ, ಯಾರು ಬೇಕಾದರೂ ನೀರು ಸೇದಬಹುದು.

ಕೇಸು ಹಾಕಿದವರು ಮ್ಯಾಸಿಮೊ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿರುವ ವೈದ್ಯಕೀಯ ಉಪಕರಣಗಳ ಕಂಪನಿ, 1989ರಲ್ಲಿ ಜೋ ಕಿಯಾನಿ ಶುರು ಮಾಡಿದ್ದು. ಹಳೆಯ ಆಕ್ಸಿಮೀಟರಿಗೆ ಒಂದು ರೋಗ ಇತ್ತು. ರೋಗಿ ಕೈ ಅಲುಗಿಸಿದರೆ, ಬೆರಳು ತಣ್ಣಗಿದ್ದರೆ ಲೆಕ್ಕ ತಪ್ಪುತ್ತಿತ್ತು. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಕಾಲಿಗೆ ಕಟ್ಟಿದರಂತೂ ಅಲಾರಂ ಸುಮ್ಸುಮ್ನೆ ಬಡಿದುಕೊಳ್ಳುತ್ತಿತ್ತು. ಅಲುಗಾಟದ ಗದ್ದಲದೊಳಗಿಂದ ನಿಜವಾದ ನಾಡಿಯನ್ನು ಆರಿಸಿ ತೆಗೆಯುವುದನ್ನು ಮ್ಯಾಸಿಮೊ ಸಾಧಿಸಿತು. ಅದೇ ಅವರ ಅನ್ನ. ಆ ಅನ್ನಕ್ಕೆ ಕೈ ಹಾಕಿದವರನ್ನು ಅವರು ಬಿಟ್ಟವರಲ್ಲ. 2006ರಲ್ಲಿ ನೆಲ್‌ಕೋರ್ ಕಂಪನಿಯಿಂದ 33 ಕೋಟಿ ಡಾಲರ್, 2016ರಲ್ಲಿ ಫಿಲಿಪ್ಸ್‌ನಿಂದ 30 ಕೋಟಿ ಡಾಲರ್ ವಸೂಲು ಮಾಡಿದರು. ಅಂದರೆ ಆಪಲ್ ಎದುರು ನಿಂತದ್ದು ಪಾಪದ ಚಿಕ್ಕ ಕಂಪನಿಯೇನಲ್ಲ. ಕೋರ್ಟಿನ ಮೆಟ್ಟಿಲು ಹತ್ತಿ ಹತ್ತಿ ಪಳಗಿದ ಕೈ.

2013ರಲ್ಲಿ ಆಪಲ್ ಮತ್ತು ಮ್ಯಾಸಿಮೊ ಒಮ್ಮೆ ಕೂತು ಮಾತಾಡಿದ್ದವು. ಅದರ ಬೆನ್ನಿಗೇ ಮ್ಯಾಸಿಮೊದ ಮುಖ್ಯ ವೈದ್ಯಾಧಿಕಾರಿ ಆಪಲ್ ಸೇರಿದರು. ಮರುವರ್ಷ ಅದರ ಸೋದರ ಕಂಪನಿ ಸೆರ್ಕಾಕೋರ್‌ನ ಮುಖ್ಯ ತಂತ್ರಜ್ಞರೂ ಸೇರಿದರು. 2020ರ ಸೆಪ್ಟೆಂಬರ್‌ನಲ್ಲಿ ಆಕ್ಸಿಜನ್ ಅಳೆಯುವ ಸೀರೀಸ್ 6 ಬಂತು. ಇಷ್ಟು ಹೇಳಿದರೆ ನಿಮಗೆ ಕಳ್ಳತನದ ವಾಸನೆ ಬರುತ್ತದೆ ಅಲ್ವಾ? ಮ್ಯಾಸಿಮೊ ಹೇಳಿದ್ದೂ ಅದನ್ನೇ. ನಮ್ಮ ಜನರನ್ನು ಎಳೆದುಕೊಂಡು ಗುಟ್ಟುಗಳನ್ನೂ ಎಳೆದುಕೊಂಡರು ಅಂತ ಬೇರೆಯೇ ಒಂದು ದಾವೆ ಹೂಡಿತು. 2023ರ ಮೇ ತಿಂಗಳಲ್ಲಿ ಜ್ಯೂರಿಯವರು ಒಮ್ಮತಕ್ಕೆ ಬರಲಾಗದೆ ಆ ವಿಚಾರಣೆ ತೀರ್ಪಿಲ್ಲದೆ ಮುಗಿಯಿತು. ಒಬ್ಬರು ಕೆಲಸ ಬಿಟ್ಟು ಇನ್ನೊಂದು ಕಡೆ ಸೇರುವುದು ತಪ್ಪಲ್ಲ. ಬೆಂಗಳೂರಿನ ಅರ್ಧ ಐಟಿ ಅದರ ಮೇಲೇ ನಿಂತಿದೆ.

ಮಗನ ವಾಚಿಗೆ ಬೀಗ ಹಾಕಿಸಿದ್ದು ಆ ಗುಟ್ಟಿನ ಕೇಸಲ್ಲ. ಎರಡು ಪೇಟೆಂಟ್. ಅವುಗಳನ್ನು ತೆರೆದು ನೋಡಿದರೆ ಜಗಳ ಎಷ್ಟು ಸಣ್ಣ ಜಾಗದಲ್ಲಿ ನಡೆದಿದೆ ಅಂತ ತಿಳಿಯುತ್ತದೆ.

ಬೆರಳಿನಲ್ಲಾದರೆ ಬೆಳಕು ಈ ಕಡೆಯಿಂದ ಹೊಕ್ಕು ಆ ಕಡೆ ಬರುತ್ತದೆ. ಮಣಿಕಟ್ಟಿನಲ್ಲಿ ಹಾಗಾಗದು, ಒಳಗೆ ಹೋದ ಬೆಳಕು ಅದೇ ಕಡೆಗೆ ವಾಪಸ್ ಬರಬೇಕು. ಬೆಳಕು ಬೀರುವ ಬಲ್ಬು, ಆ ಬೆಳಕನ್ನು ಹಿಡಿಯುವ ಕಣ್ಣು (ಸೆನ್ಸರ್) ಎರಡೂ ಒಂದೇ ಗಾಜಿನ ಕೆಳಗೆ ಅಕ್ಕಪಕ್ಕ ಕೂತಿರುತ್ತವೆ. ಆಗ ಬಲ್ಬಿನ ಬೆಳಕು ರಕ್ತದ ಹತ್ತಿರ ಹೋಗದೆ ಗಾಜಿನೊಳಗೇ ಹರಿದು ನೇರ ಕಣ್ಣಿಗೆ ಬಿದ್ದರೆ ಲೆಕ್ಕ ಕೆಟ್ಟಿತು. ಮ್ಯಾಸಿಮೊ ಪೇಟೆಂಟಿನ ಕ್ಲೇಮನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಮೈಮೇಲೆ ತೊಡುವ ಒಂದು ಸಾಧನ, ಅದರಲ್ಲಿ ಬೆಳಕು ಬೀರುವ ಬಲ್ಬುಗಳು, ಬೆಳಕು ಹಿಡಿಯುವ ನಾಲ್ಕು ಕಣ್ಣುಗಳು, ಅವುಗಳ ಮೇಲೆ ಉಬ್ಬಿದ ಮುಚ್ಚಳ, ಪ್ರತಿ ಕಣ್ಣಿನ ನೇರಕ್ಕೆ ಒಂದು ಕಿಂಡಿ, ಕಿಂಡಿಗೆ ಬೆಳಕು ಹಾಯದ ಒಳಗೋಡೆ, ಮತ್ತು ಆ ಸಾಧನದಲ್ಲೇ ಲೆಕ್ಕ ಹಾಕಿ ಆಕ್ಸಿಜನ್ ಹೇಳುವ ಪ್ರೊಸೆಸರ್. ಈ ಕೊನೆಯ ತುಂಡನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಪೇಟೆಂಟಿನ ಕ್ಲೇಮ್ ಅಂದರೆ ಜಮೀನಿನ ಬಾಂದುಕಲ್ಲು. ಸರ್ವೆಯವರು ನಾಲ್ಕು ಮೂಲೆಗೆ ಕಲ್ಲು ನೆಟ್ಟರೆ ಅದರೊಳಗಿನದು ನಿಮ್ಮದು, ಒಂದು ಮೊಳ ಆಚೆಗಿನದು ನಿಮ್ಮದಲ್ಲ. ಇಲ್ಲಿ ಕಲ್ಲಿನ ಬದಲು ಪದಗಳು. ಹೇಳಿದ ಎಲ್ಲ ತುಂಡುಗಳೂ ಎದುರಾಳಿಯ ವಸ್ತುವಿನಲ್ಲಿದ್ದರೆ ಅತಿಕ್ರಮ. ಒಂದು ತುಂಡು ಇಲ್ಲದಿದ್ದರೆ ಸಾಮಾನ್ಯವಾಗಿ ಬಚಾವ್. ಎದುರಾಳಿ ನಿಮ್ಮದನ್ನು ನೋಡಿ ಮಾಡಿದನೋ, ನೋಡದೆಯೇ ಸ್ವಂತ ತಲೆಯಿಂದ ಮಾಡಿದನೋ, ಆ ಪ್ರಶ್ನೆಯೇ ಬರುವುದಿಲ್ಲ. ಗೊತ್ತಿಲ್ಲದೆ ಬೇಲಿ ದಾಟಿದರೂ ದಾಟಿದ್ದೇ. ಹಾಗಾಗಿ ‘ಪೇಟೆಂಟ್ ಉಲ್ಲಂಘನೆ’ ಅಂತ ಪೇಪರಿನಲ್ಲಿ ಓದಿದ ಕೂಡಲೇ ‘ಕದ್ದರು’ ಅಂತ ಓದಿಕೊಳ್ಳಬೇಡಿ. ಎರಡೂ ಬೇರೆ.

ಇನ್ನೊಂದು ಸ್ವಾರಸ್ಯ ಕೇಳಿ. ಈ ಎರಡು ಪೇಟೆಂಟಿನ ಅರ್ಜಿ ಕೊಟ್ಟದ್ದು 2020ರ ಸೆಪ್ಟೆಂಬರ್ 24ರಂದು. ಸೀರೀಸ್ 6 ಅಂಗಡಿಗೆ ಬಂದದ್ದು ಸೆಪ್ಟೆಂಬರ್ 18ರಂದು! ವಾಚ್ ಬಂದ ಮೇಲೆ ಅರ್ಜಿಯಾ? ಅದು ಹೇಗೆ ನಡೆಯಿತು ಅಂದರೆ, ಮ್ಯಾಸಿಮೊ 2008ರಲ್ಲೇ ಒಂದು ದೊಡ್ಡ ಅರ್ಜಿ ಹಾಕಿ, ಅದರಲ್ಲಿ ಬಹಳಷ್ಟು ಚಿತ್ರ, ವಿವರ ತುಂಬಿಟ್ಟಿತ್ತು. ಅಮೆರಿಕದ ಕಾಯ್ದೆಯಲ್ಲಿ ಅಂಥ ತಾಯಿ ಅರ್ಜಿಯಿಂದ ವರ್ಷಗಟ್ಟಲೆ ಮರಿ ಅರ್ಜಿ ಹಾಕುತ್ತಲೇ ಇರಬಹುದು. ತಾರೀಖು ಮಾತ್ರ ತಾಯಿಯದ್ದು. ವಿವರ 2008ರದ್ದೇ ಇರಬೇಕು, ಬಾಂದುಕಲ್ಲನ್ನು ಈಗ ನೆಡಬಹುದು. ಎದುರಿನವನು ಮನೆ ಕಟ್ಟಿದ ಮೇಲೆ, ಅವನ ಪಾಯ ಎಲ್ಲಿದೆ ನೋಡಿಕೊಂಡು. ಇದು ಮೋಸ ಅಂತ ಆಪಲ್ ವಾದ ಮಾಡಿತು, ಆದರೂ 2023ರಲ್ಲಿ ತೀರ್ಪು ಅದರ ವಿರುದ್ಧವೇ ಹೋಯಿತು. ನನ್ನನ್ನು ಕೇಳಿದರೆ ಈ ದಾರಿ ಸರಿಯಲ್ಲ. ಕಾನೂನಿಗೆ ಹೊರತಲ್ಲ ನಿಜ, ಆದರೆ ವಸ್ತು ತಯಾರಿಸುವವನಿಗೆ ಬೇಲಿ ಎಲ್ಲಿದೆ ಅಂತ ಮೊದಲೇ ಕಾಣಬೇಕು. ನಮ್ಮ ದೇಶದ ಪೇಟೆಂಟ್ ಕಾಯ್ದೆಯಲ್ಲಿ ಒಂದು ಅರ್ಜಿಯನ್ನು ಒಡೆದು ಎರಡು ಮಾಡಬಹುದು, ಆದರೆ ಇಷ್ಟು ಸಲೀಸಾಗಿ ಮರಿ ಹಾಕಿಸುತ್ತಾ ಹೋಗಲು ಆಗದು.

ಇವರು ಹೋದದ್ದು ಎಲ್ಲಿಗೆ ಅನ್ನುವುದೂ ಮುಖ್ಯ. 2021ರಲ್ಲಿ ಮ್ಯಾಸಿಮೊ ದೂರು ಕೊಟ್ಟದ್ದು ವಾಷಿಂಗ್ಟನ್‌ನ ಇಂಟರ್‌ನ್ಯಾಷನಲ್ ಟ್ರೇಡ್ ಕಮಿಷನ್‌ಗೆ. ಚಿಕ್ಕದಾಗಿ ಐಟಿಸಿ (ನಮ್ಮ ಆಶೀರ್ವಾದ್ ಹಿಟ್ಟಿನ ಐಟಿಸಿ ಅಲ್ಲ). ಅಲ್ಲಿ ಗೆದ್ದರೆ ಒಂದು ಡಾಲರೂ ಸಿಗುವುದಿಲ್ಲ. ಸಿಗುವುದು ಒಂದೇ: ಎದುರಾಳಿಯ ಸರಕು ಬಂದರಿನಲ್ಲೇ ನಿಲ್ಲಬೇಕು ಅನ್ನುವ ಆದೇಶ. ವಾಚ್ ತಯಾರಾಗುವುದು ಅಮೆರಿಕದ ಹೊರಗೆ ತಾನೆ? ಅಲ್ಲಿಗೆ ಬಾಗಿಲು ಹಾಕಿದ ಹಾಗೇ. ಮಾಮೂಲಿ ಕೋರ್ಟಿನಲ್ಲಿ ಗೆದ್ದರೆ ದುಡ್ಡು ಸಿಗಬಹುದು, ಮಾರಾಟ ನಿಲ್ಲಿಸುವುದು ಕಷ್ಟ. 2006ರಲ್ಲಿ ಈಬೇ ಕಂಪನಿಯ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಬಿಗಿ ಮಾಡಿತು. ಅದಕ್ಕೇ ಎಲೆಕ್ಟ್ರಾನಿಕ್ಸ್ ಜಗಳಗಾರರು ಐಟಿಸಿಗೆ ಓಡುತ್ತಾರೆ. ಎದುರಾಳಿಯನ್ನು ಮಾತುಕತೆಗೆ ಕೂರಿಸಲು ಬಂದರಿಗೆ ಬೀಗ ಹಾಕುವಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ.

2023ರ ಅಕ್ಟೋಬರ್ 26ಕ್ಕೆ ಆದೇಶ ಬಂತು. ಅಮೆರಿಕದ ಅಧ್ಯಕ್ಷರು 60 ದಿನದೊಳಗೆ ಅದನ್ನು ರದ್ದು ಮಾಡಬಹುದು. 2013ರಲ್ಲಿ ಒಬಾಮ ಸರ್ಕಾರ ಹಾಗೆ ಮಾಡಿತ್ತು. ಸ್ಯಾಮ್‌ಸಂಗ್ ಗೆದ್ದು ಹಳೆಯ ಐಫೋನ್ ತಡೆಯಲು ಹೊರಟಾಗ ಆಪಲ್‌ನ ಕೈ ಹಿಡಿದಿತ್ತು. ಈ ಸಲ ಬೈಡನ್ ಸರ್ಕಾರ ಕೈ ಹಾಕಲಿಲ್ಲ. ಕ್ರಿಸ್‌ಮಸ್ ವ್ಯಾಪಾರದ ಹೊತ್ತಿಗೇ ಆಪಲ್ ತನ್ನ ಅಂಗಡಿಗಳಲ್ಲಿ ಈ ವಾಚುಗಳನ್ನು ಕಪಾಟಿನಿಂದ ಇಳಿಸಬೇಕಾಯಿತು. ಮೇಲ್ಮನವಿ ಕೋರ್ಟು ಡಿಸೆಂಬರ್ 27ಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು, ಮೂರು ವಾರದಲ್ಲಿ ಅದನ್ನೂ ತೆಗೆಯಿತು. ಆಗ ಆಪಲ್ ಮಾಡಿದ ಉಪಾಯವೇ ನಿಮ್ಮ ಮಗನ ವಾಚ್: ಸಾಮಾನು ಇರಲಿ, ಆಪ್ ಬೇಡ.

ಆದರೆ 2025ರ ಆಗಸ್ಟ್ 14ಕ್ಕೆ ಕಥೆ ತಿರುಗಿತು. ಕ್ಲೇಮಿನ ಕೊನೆಯ ತುಂಡು ನೆನಪಿದೆಯಲ್ವಾ, ‘ಆ ಸಾಧನದಲ್ಲೇ ಲೆಕ್ಕ ಹಾಕುವ ಪ್ರೊಸೆಸರ್’? ಆಪಲ್ ಆ ಒಂದು ಕಲ್ಲನ್ನು ಹಿಡಿದುಕೊಂಡಿತು. ವಾಚ್ ಬೆಳಕನ್ನು ಮಾತ್ರ ಹಿಡಿಯಲಿ, ಲೆಕ್ಕವನ್ನು ಜೇಬಿನಲ್ಲಿರುವ ಐಫೋನ್ ಹಾಕಲಿ, ಉತ್ತರವನ್ನೂ ಫೋನೇ ತೋರಿಸಲಿ. ಫೋನನ್ನು ಯಾರೂ ಮೈಮೇಲೆ ತೊಡುವುದಿಲ್ಲ ನೋಡಿ! ಇದು ಬೇಲಿಯ ಆಚೆ ಅಂತ ಅಮೆರಿಕದ ಕಸ್ಟಮ್ಸ್ ಇಲಾಖೆ ಒಪ್ಪಿತು. ಮ್ಯಾಸಿಮೊ ಸಿಟ್ಟಾಗಿ ಕಸ್ಟಮ್ಸ್ ಇಲಾಖೆಯ ಮೇಲೆಯೇ ಕೇಸು ಹಾಕಿತು. ಅದೇ ವರ್ಷ ನವೆಂಬರ್‌ನಲ್ಲಿ ಐಟಿಸಿಯೂ ಈ ಹೊಸ ವಿನ್ಯಾಸವನ್ನು ಮತ್ತೆ ವಿಚಾರಣೆಗೆ ಎತ್ತಿಕೊಂಡಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾದ ಜ್ಯೂರಿ ಇನ್ನೊಂದು ಪೇಟೆಂಟಿನ ಕೇಸಿನಲ್ಲಿ ಆಪಲ್ 63.4 ಕೋಟಿ ಡಾಲರ್ ಕೊಡಬೇಕು ಅಂದಿತು. ನಮ್ಮ ಲೆಕ್ಕದಲ್ಲಿ 5,600 ಕೋಟಿ ರೂಪಾಯಿ ಆಸುಪಾಸು. ಆ ಪೇಟೆಂಟಿನ ಅವಧಿ 2022ರಲ್ಲೇ ಮುಗಿದಿತ್ತು. ಅವಧಿಯೊಳಗೆ ಮಾರಿದ ವಾಚುಗಳ ಬಾಬ್ತು ಇದು.

ಆಪಲ್ ಕೈಕಟ್ಟಿ ಕೂತಿತ್ತು ಅಂದುಕೊಳ್ಳಬೇಡಿ. ಮ್ಯಾಸಿಮೊದ ಬೇರೆ ಹಲವು ಪೇಟೆಂಟುಗಳನ್ನು ಪೇಟೆಂಟ್ ಕಚೇರಿಯಲ್ಲೇ ಹೊಡೆದುಹಾಕಿಸಿತು. ಮ್ಯಾಸಿಮೊ ತಂದ ವಾಚ್ ನಮ್ಮ ವಾಚಿನ ರೂಪದ ನಕಲು ಅಂತ ಡೆಲವೇರ್‌ನಲ್ಲಿ ಪ್ರತಿದಾವೆ ಹೂಡಿತು. 2024ರ ಅಕ್ಟೋಬರ್‌ನಲ್ಲಿ ಮ್ಯಾಸಿಮೊದ ಹಳೆಯ ವಿನ್ಯಾಸಗಳ ವಿಚಾರದಲ್ಲಿ ಗೆದ್ದೂ ಗೆದ್ದಿತು. ಪರಿಹಾರ ಎಷ್ಟು ಗೊತ್ತಾ? 250 ಡಾಲರ್. ಕೋಟಿ ಅಲ್ಲ, ಬರೀ 250. ಕಾಯ್ದೆಯಲ್ಲಿರುವ ಕನಿಷ್ಠ ಮೊತ್ತ ಅದು, ಆಪಲ್ ಕೇಳಿದ್ದೂ ಅಷ್ಟೇ. ಅಮೆರಿಕದಲ್ಲಿ ಒಂದು ಸೀರೀಸ್ 9 ವಾಚಿಗೇ ಅದಕ್ಕಿಂತ ಜಾಸ್ತಿ ಬೆಲೆ ಇತ್ತು. ಅದಕ್ಕೆ ಬೇಕಿದ್ದದ್ದು ದುಡ್ಡಲ್ಲ, ಮ್ಯಾಸಿಮೊದ ವಾಚ್ ನಿಲ್ಲಿಸುವ ಆದೇಶ.

ಈಗ ನಿಮ್ಮ ಇನ್ನೊಂದು ಪ್ರಶ್ನೆ, ಅಲ್ಲಿ ತಪ್ಪಾದದ್ದು ಇಲ್ಲಿ ಹೇಗೆ ಸರಿ? ಪೇಟೆಂಟ್ ಆಯಾ ದೇಶದ್ದು. ಅಮೆರಿಕದ ಪೇಟೆಂಟ್ ಹಿಡಿದು ಇಲ್ಲಿ ತಕರಾರು ಮಾಡುವುದು, ಮಂಡ್ಯದ ಪಹಣಿ ತೋರಿಸಿ ಹಾಸನದಲ್ಲಿ ಗದ್ದೆ ಕೇಳಿದ ಹಾಗೆ. ಭಾರತದಲ್ಲಿ ಹಕ್ಕು ಬೇಕಾದರೆ ಇಲ್ಲಿಯೇ ಅರ್ಜಿ ಹಾಕಬೇಕು (ನಮ್ಮ ಕರ್ನಾಟಕದವರ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ). ಹೊರಗಿನವರು ಅಂತರರಾಷ್ಟ್ರೀಯ ಅರ್ಜಿಯ ದಾರಿಯಲ್ಲಿ ಬಂದರೂ 31 ತಿಂಗಳೊಳಗೆ ಇಲ್ಲಿ ಕಾಲಿಡಬೇಕು, ಆಮೇಲೆ ಬಾಗಿಲು ಮುಚ್ಚುತ್ತದೆ. ಮಗನ ವಾಚಿನ ಬಾಯಿ ಮುಚ್ಚಿಸಿದ ಆ ಎರಡು ಪೇಟೆಂಟ್ ಅಮೆರಿಕದವು. ಆದೇಶವೂ ಅಮೆರಿಕದ ಬಂದರಿಗೆ ಸೀಮಿತ. ನೀವು ಬೆಂಗಳೂರಿನಲ್ಲಿ ಬಿಲ್ಲು ಹಾಕಿಸಿ ಕೊಂಡದ್ದರಲ್ಲಿ ಯಾವ ಅಪರಾಧವೂ ಇಲ್ಲ.

ಹಾಗಂತ ನಮ್ಮಲ್ಲಿ ಇಂಥ ಜಗಳವೇ ಇಲ್ಲ ಅಂತಲ್ಲ. 2014ರ ಡಿಸೆಂಬರ್‌ನಲ್ಲಿ ಎರಿಕ್ಸನ್ ಕಂಪನಿಯ ಪೇಟೆಂಟ್ ದೂರಿನ ಮೇಲೆ ದೆಹಲಿ ಹೈಕೋರ್ಟ್ ಶಿಯೋಮಿ ಫೋನುಗಳ ಮಾರಾಟಕ್ಕೇ ತಡೆ ಕೊಟ್ಟಿತ್ತು. ಕೆಲವೇ ದಿನಗಳಲ್ಲಿ ಕ್ವಾಲ್‌ಕಾಮ್ ಚಿಪ್ ಇರುವವನ್ನು ಮಾತ್ರ ಮಾರಿ ಅಂತ ಸಡಿಲ ಮಾಡಿತು. 2024ರ ಮಾರ್ಚ್‌ನಲ್ಲಿ ಅದೇ ಕೋರ್ಟು ಲಾವಾ ಕಂಪನಿ ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಕೊಡಬೇಕೆಂದಿತು. ಒಂದು ವ್ಯತ್ಯಾಸ ಇದೆ. ಬರೀ ಪೇಟೆಂಟ್ ದೂರಿನ ಮೇಲೆ ಸರಕು ತಡೆಯುವ ಅಧಿಕಾರ ನಮ್ಮ ಕಸ್ಟಮ್ಸ್‌ಗೂ ಇತ್ತು, 2018ರಲ್ಲಿ ನಿಯಮ ತಿದ್ದಿ ಅದನ್ನು ತೆಗೆದರು. ಒಳ್ಳೆಯದೇ ಆಯಿತು. ಕಿಂಡಿಯ ಒಳಗೋಡೆ ಬೆಳಕು ಬಿಡುತ್ತದೋ ಇಲ್ಲವೋ ಅಂತ ಬಂದರಿನಲ್ಲಿ ಕೂತ ಅಧಿಕಾರಿ ತೀರ್ಮಾನಿಸಲು ಆಗುತ್ತದಾ? ಈಗ ಕೋರ್ಟಿಗೇ ಹೋಗಬೇಕು.

ಕದ್ದಿದೆಯಾ ಅಂದರೆ, ನನ್ನ ಓದಿನಲ್ಲಿ ಇದು ಇಷ್ಟು: ಐಟಿಸಿ ಲೆಕ್ಕದಲ್ಲಿ ಆಪಲ್ ಬೇಲಿ ದಾಟಿದೆ. ಕದ್ದಿದೆ ಅಂತ ಜ್ಯೂರಿ ಹೇಳಿಲ್ಲ. ಮ್ಯಾಸಿಮೊದ ತಕರಾರಿನಲ್ಲಿ ಹುರುಳಿದೆ, ಅದರ ಬಾಂದುಕಲ್ಲು ಮಾತ್ರ ಸ್ವಲ್ಪ ತಡವಾಗಿ ನೆಟ್ಟದ್ದು. ಆ ಎರಡು ಪೇಟೆಂಟಿನ ಅವಧಿ 2028ಕ್ಕೆ ಮುಗಿಯುತ್ತದೆ.

ಮಗನಿಗೆ ಹೇಳಿ, ಐಫೋನ್ ಮತ್ತು ವಾಚ್ ಎರಡಕ್ಕೂ ಅಪ್‌ಡೇಟ್ ಹಾಕಿಕೊಳ್ಳಲಿ. ಫೋನಿನಲ್ಲಿ ಐಓಎಸ್ 18.6.1, ವಾಚಿನಲ್ಲಿ ವಾಚ್‌ಓಎಸ್ 11.6.1 ಅಥವಾ ಅದಕ್ಕಿಂತ ಮುಂದಿನದು ಇರಬೇಕು. ಉತ್ತರ ವಾಚಿನ ಮೇಲೆ ಬರುವುದಿಲ್ಲ. ಫೋನಿನ ಹೆಲ್ತ್ ಆಪ್‌ನಲ್ಲಿ ಉಸಿರಾಟದ ವಿಭಾಗದಲ್ಲಿ ಹುಡುಕಬೇಕು.

ಯಜಮಾನರಿಗೆ ಇಲ್ಲೇ ಕೊಳ್ಳಿ. ಅಂಕಿ ನೇರ ಕೈಮೇಲೆ ಕಾಣುತ್ತದೆ, ಫೋನ್ ಹುಡುಕುವ ತಾಪತ್ರಯ ಇಲ್ಲ. ಅಗ್ಗ ಅಂತ ಎಸ್‌ಇ ಮಾಡೆಲ್ ತರಬೇಡಿ, ಅದರಲ್ಲಿ ಆಕ್ಸಿಜನ್ ಸೌಲಭ್ಯವೇ ಇಲ್ಲ. ಆದರೆ ಉಬ್ಬಸಕ್ಕೆ ಅಂತ ವಾಚ್ ಕೊಳ್ಳುವುದಾದರೆ ಬೇಡ. ಈ ಆಪ್ ಚಿಕಿತ್ಸೆಯ ಬಳಕೆಗೆ ಅಲ್ಲ ಅಂತ ಆಪಲ್ಲೇ ಹೇಳುತ್ತದೆ. ಪಟ್ಟಿ ಸಡಿಲವಿದ್ದರೆ, ಕೈ ಅಲುಗಿದರೆ, ಮಣಿಕಟ್ಟು ತಣ್ಣಗಿದ್ದರೆ ಅದು ತಪ್ಪು ಹೇಳಬಹುದು, ಏನೂ ಹೇಳದೆಯೂ ಇರಬಹುದು. ರಾತ್ರಿ ಉಸಿರು ಕಟ್ಟಿದಾಗ ಬೆರಳಿನ ಆಕ್ಸಿಮೀಟರ್ ನೋಡಿ, ಅದಕ್ಕೂ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಕೋವಿಡ್ ಸಮಯದಲ್ಲಿ ತಂದದ್ದು ಡ್ರಾಯರಿನಲ್ಲಿ ಬಿದ್ದಿರಬೇಕಲ್ಲ? ಇವತ್ತೇ ಒಮ್ಮೆ ತೆಗೆದು ನೋಡಿ, ಹಳೆಯ ಸೆಲ್ಲು ಒಳಗೇ ಸೋರಿರಬಹುದು.